ಮೊಸಳೆಬಂಡೆಯಿಂದ ಹಾರಿದವಳು

ನವೆಂಬರ್ 14, ಶುಕ್ರವಾರ

ಬೆಳಿಗ್ಗೆ ಬಿಪಿ 150/90. ದಿನಾ ಬರೆದಿಡಿ ಎಂದು ಮಕ್ತಲದ ಡಾಕ್ಟರು ಹೇಳಿದ್ದಕ್ಕೆ ಮೊಮ್ಮಗಳು ಹರಿತಾ ಈ ನೋಟುಬುಕ್ಕು ಕೊಟ್ಟಿದ್ದಾಳೆ. ಎರಡು ಅಂಕಿ ಬರೆದು ಉಳಿದ ಹಾಳೆ ಖಾಲಿ ಬಿಡಲು ನನಗೆ ಮನಸ್ಸು ಬರುವುದಿಲ್ಲ. ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದದ್ದು ಈಗಲಾದರೂ ಉಪಯೋಗಕ್ಕೆ ಬರಲಿ. ಗಡಿಯಾಚೆಯ ಈ ಊರಿನಲ್ಲಿ ಹರಿತಾ ಓದಿದ್ದು ತೆಲುಗು ಮೀಡಿಯಂ. ಮಗ ಮಹೇಂದರನಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈ ಮನೆಯಲ್ಲಿ ನನ್ನ ಗುಟ್ಟಿಗೆ ಬೀಗ ಬೇಕಾಗಿಲ್ಲ.

ಸಂಜೆ ಬಿಪಿ 170/100. ಕಾರಣ ಹೀಗಿದೆ. ಮಧ್ಯಾಹ್ನ ಹೈದರಾಬಾದಿನಿಂದ ಒಂದು ಕಾರು ಬಂತು. ಶಿರಿಷಾ ಎಂಬ ಹುಡುಗಿ, ಜೊತೆಗೆ ಕ್ಯಾಮೆರಾದವರು ಇಬ್ಬರು. ನಲವತ್ತು ವರ್ಷದ ಹಿಂದೆ ಇಲ್ಲಿ ಹೊಳೆಯ ದಂಡೆಯಲ್ಲಿ ಒಂದು ಸಿನಿಮಾ ತೆಗೆದಿದ್ದರಲ್ಲ, ಅದನ್ನು ನೋಡಿದವರು ಯಾರಾದರೂ ಇದ್ದಾರೆಯೇ ಎಂದು ಕಟ್ಟೆಯ ಮೇಲೆ ಕೂತವರನ್ನು ಕೇಳಿದರಂತೆ. ಮಹೇಂದರ ಈ ಸಲ ಊರ ಪಂಚಾಯ್ತಿಯ ಸರ್ಪಂಚ್ ಎಲೆಕ್ಷನ್ನಿಗೆ ನಿಲ್ಲುವವನು. ಕ್ಯಾಮೆರಾ ಇದ್ದವರೆಲ್ಲ ಟಿವಿಯವರೇ ಎಂದುಕೊಂಡು ಅವರನ್ನು ನೇರ ಮನೆಗೇ ಕರೆತಂದ.

"ಯವ್ವಾ, ಇವ್ರು ಸಾಯಿನಾಥ ಅನ್ನೋ ಡೈರೆಕ್ಟರನ ಮ್ಯಾಲ ಡಾಕ್ಯುಮೆಂಟರಿ ಮಾಡಾಕ ಬಂದಾರ. ಮ್ಯಾಲಿನ ಖೋಲಿ ಖಾಲಿ ಐತೆಲ್ಲ, ಎರಡು ವಾರ ಇಲ್ಲೇ ಇರ್ತಾರ. ಆ ಪಿಚ್ಚರಿನ ಹೆಸರು ಏನಂದ್ರಿ ಮೇಡಂ?"

"ಹುಲಿತೊಗಲಿನ ಹೆಣ್ಣು," ಎಂದಳು ಶಿರಿಷಾ.

ನಾನು ಜೋಳ ಹಸನು ಮಾಡುತ್ತಿದ್ದೆ. ಮೊರ ಕೈಯಿಂದ ಜಾರಿ ಜೋಳವೆಲ್ಲ ಅಂಗಳದ ಪಾಲಾಯಿತು. ಕೋಳಿಗಳಿಗೆ ಹಬ್ಬ.

ನವೆಂಬರ್ 15, ಶನಿವಾರ

ಬಿಪಿ 160/100.

ಶಿರಿಷಾ ಒಳ್ಳೆಯ ಹುಡುಗಿ, ಅದೇ ತೊಂದರೆ. ಊಟವಾದ ಮೇಲೆ ತಟ್ಟೆಯನ್ನು ತಾನೇ ತೊಳೆದಿಡುತ್ತಾಳೆ. ಬೈದು ಕಳಿಸಲು ಒಂದು ನೆಪವಾದರೂ ಸಿಗಬೇಕಲ್ಲ.

ಅವಳು ಹೇಳಿದ್ದು: ಈ ಸಾಯಿನಾಥ ಒಂದೊಂದು ಸಿನಿಮಾ ಹದಿನೈದು ದಿನದಲ್ಲಿ ಮುಗಿಸುತ್ತಿದ್ದನಂತೆ. ಒಂದು ದೆವ್ವ, ಒಂದು ಹಾವು, ಒಂದು ಕೊಲೆ, ಒಂದು ಸ್ನಾನ. ಬೆಳಗಿನ ಆಟಕ್ಕೆ ಮಾತ್ರ, ದೊಡ್ಡವರಿಗೆ ಮಾತ್ರ. ಐದು ವರ್ಷದ ಹಿಂದೆ ತೀರಿಕೊಂಡನಂತೆ. ಈಗ ದೇಶ ವಿದೇಶದವರು ಆ ಸಿನಿಮಾಗಳ ಪೋಸ್ಟರುಗಳನ್ನು ಹುಡುಕಿ ಹುಡುಕಿ ಕೂಡಿಸುತ್ತಾರಂತೆ.

"ಅವನ್ನು ಎಲ್ಲರೂ ನೋಡಿದ್ದಾರೆ ಅಮ್ಮಾ. ನೋಡಿದೆ ಅಂತ ಯಾರೂ ಒಪ್ಪುವುದಿಲ್ಲ," ಎಂದು ತೆಲುಗಿನಲ್ಲಿ ಹೇಳಿ ನಕ್ಕಳು.

ಲ್ಯಾಪ್‌ಟಾಪಿನಲ್ಲಿ ಪೋಸ್ಟರು ತೋರಿಸಿದಳು. ಮೇಲೆ ನಾಯಕಿ ಕನಕಜ್ವಾಲಾಳ ಮುಖ. ಕೆಳಗೆ ಹುಲಿಯ ಪಟ್ಟೆ ಉಟ್ಟ ಹೆಣ್ಣೊಬ್ಬಳು ಬಂಡೆಯ ಮೇಲಿಂದ ಹೊಳೆಗೆ ಹಾರುತ್ತಿರುವುದು. ಮಹೇಂದರ "ಛೀ, ತಗೀರಿ ಮೇಡಂ, ಮನ್ಯಾಗ ಹೆಣ್ಮಕ್ಕಳದಾರ" ಎಂದ. ಹಾಗೆಂದವನು ಮತ್ತೆರಡು ಸಲ ಬಗ್ಗಿ ನೋಡಿದ.

ಹರಿತಾ ಕೇಳಿದಳು, "ಹಾರಿದಾಕಿ ಯಾರು? ಮಸ್ತ್ ಹಾರ್ಯಾಳ."

"ಕನಕಜ್ವಾಲಾ ಮೇಡಮ್ಮೇ. ಡೂಪ್ ಇಲ್ಲದೆ ತಾವೇ ಹಾರಿದ್ದು ಅಂತ ಎಲ್ಲಾ ಇಂಟರ್‌ವ್ಯೂದಲ್ಲೂ ಹೇಳಿದ್ದಾರೆ. ಈ ತಿಂಗಳ ಕೊನೆಗೆ ಇಲ್ಲಿಗೇ ಬರುತ್ತಾರೆ."

ಒಳ್ಳೆಯದಾಯಿತು. ನನ್ನ ತಲೆಬಿಸಿ ಇಳಿಯಿತು. ಅಡುಗೆಮನೆಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ನವೆಂಬರ್ 17, ಸೋಮವಾರ

ಬಿಪಿ ನೋಡಲು ಹೊತ್ತು ಸಿಗಲಿಲ್ಲ. ಎರಡು ಬಸ್ಸು, ಒಂದು ಆಟೋ ಬದಲಿಸಿ ಗದ್ವಾಲದ ಆಚೆ ಕೆ.ಟಿ. ದೊಡ್ಡಿಗೆ ಹೋಗಿದ್ದೆ, ಕುರುಮಮ್ಮನ ಮನೆಗೆ. ಚಿಕ್ಕಂದಿನಲ್ಲಿ ಒಟ್ಟಿಗೆ ಕುರಿ ಕಾದವರು ನಾವು. ಶೂಟಿಂಗಿನ ದಿನ ದಂಡೆಯ ಮೇಲೆ ಊರಿನವರಲ್ಲಿ ನನ್ನ ಜೊತೆ ಇದ್ದವಳು ಅವಳೊಬ್ಬಳೇ.

ಆಗ ನನಗೆ ಹದಿನೆಂಟು, ಮದುವೆ ಆಗಿರಲಿಲ್ಲ. ಹೊಳೆದಂಡೆಯ ಮೊಸಳೆಬಂಡೆಯ ಮೇಲೆ ಶೂಟಿಂಗ್ ನಡೆದಿತ್ತು. ಕನಕಜ್ವಾಲಾ ಬಂಡೆಯ ತುದಿಗೆ ಬರುವುದು, ಕೆಳಗೆ ನೋಡುವುದು, ಕೂತುಬಿಡುವುದು. ಎರಡಾಳು ಎತ್ತರ, ಅಷ್ಟೇ. ಹತ್ತು ವರ್ಷದವಳಿದ್ದಾಗಿನಿಂದ ನಾನು ಅಲ್ಲಿಂದ ಹಾರುತ್ತಿದ್ದೆ. ನನಗೆ ನಗು ಬಂತು. ಅದು ಸಾಯಿನಾಥನ ಕಿವಿಗೆ ಬಿತ್ತು. ಹಾರುತ್ತೀಯಾ ಎಂದು ಕೇಳಿದ. ಹಾರಿದೆ, ಮೂರು ಸಲ. ಮೊದಲನೇ ಸಲ ಕ್ಯಾಮೆರಾದವನು ನನ್ನನ್ನೇ ನೋಡುತ್ತ ನಿಂತು ಯಂತ್ರ ಚಾಲೂ ಮಾಡುವುದನ್ನು ಮರೆತಿದ್ದ. ಹುಲಿತೊಗಲೆಂದರೆ ಹಳದಿ ಮಕಮಲ್ಲಿನ ಬಟ್ಟೆಗೆ ಕರಿ ಪಟ್ಟೆ ಬಳಿದದ್ದು. ನೀರಿಗೆ ಬಿದ್ದದ್ದೇ ಬಣ್ಣ ಬಿಟ್ಟು ನನ್ನ ಮೈಗೆ ಹತ್ತಿತು. ಅವ್ವ ಅದನ್ನು ಹುಳಕಡ್ಡಿ ಎಂದುಕೊಂಡು ಬೇವಿನೆಲೆ ಅರೆದು ಹಚ್ಚಿದ್ದಳು. ಎರಡು ತಿಂಗಳಿಗೆ ಇದೇ ಊರಿನಲ್ಲಿ ನನ್ನ ಮದುವೆ ಆಯಿತು. ಗಂಡ ಹನುಮಂತುವಿಗೂ ಹೇಳಲಿಲ್ಲ. ಆತ ಹೋಗಿ ಒಂಬತ್ತು ವರ್ಷವಾಯಿತು.

"ಯಾರಿಗೂ ಹೇಳಂಗಿಲ್ಲ ಅಂತ ಆಣಿ ಮಾಡು," ಎಂದೆ ಕುರುಮಮ್ಮನಿಗೆ. "ಎಲೆಕ್ಷನ್ ಐತಿ. ಮಹೇಂದರನ ಇಜ್ಜತ್ತಿನ ಮಾತು."

ಆಕೆ ಮೈಲಾರಲಿಂಗನ ಆಣೆ ಮಾಡಿದಳು. ಬೀರಪ್ಪನನ್ನೂ ಸೇರಿಸಿದಳು. ಆಮೇಲೆ ಕೇಳಿದಳು, "ಯಾರರ ಕೇಳಿದ್ರೇನು?"

"ಇಲ್ಲ."

"ಕೇಳಂಗಿಲ್ಲ ಬಿಡು. ಈಗ ನಿನ್ನ ನೋಡಿದ್ರ ಯಾರು ನಂಬ್ತಾರ? ಹೊಸ್ತಿಲ ದಾಟಾಕ ಬಾಗಿಲ ಹಿಡೀತಿ."

ನಂಬದಿದ್ದರೆ ನನಗೇ ಒಳ್ಳೆಯದು. ಬಸ್ಸಿನಲ್ಲಿ ಮಕ್ತಲದವರೆಗೂ ಅದನ್ನೇ ಅಂದುಕೊಳ್ಳುತ್ತ ಬಂದೆ.

ನವೆಂಬರ್ 20, ಗುರುವಾರ

ಶಿರಿಷಾ ಆ ಹಾರುವುದನ್ನು ನಿಧಾನ ಮಾಡಿ ಮಾಡಿ ನೋಡುತ್ತಿದ್ದಳು. ನಾನು ಬೆಳ್ಳುಳ್ಳಿ ಸುಲಿಯುತ್ತ ಪಕ್ಕದಲ್ಲಿ ಕೂತೆ. ಹಿಂದಿನಿಂದ ತೆಗೆದದ್ದು, ಮುಖ ಕಾಣುವುದಿಲ್ಲ, ಬೆನ್ನು ಕಾಣುತ್ತದೆ. ತನ್ನ ಬೆನ್ನನ್ನು ತಾನು ನೋಡಿಕೊಂಡವರು ಯಾರಿದ್ದಾರೆ? ನಾನು ಐವತ್ತೆಂಟನೇ ವಯಸ್ಸಿಗೆ ನೋಡಿದೆ. ನೆಟ್ಟಗಿತ್ತು.

"ಬಲಗಾಲು ಮುಂದಿಟ್ಟು ಹಾರ್ಯಾಳ ನೋಡು," ಎಂದೆ. "ಪಟ್ಣದೋರು ಎಡಗಾಲಾಗ ಹಾರ್ತಾರ. ಕುರಿ ಕಾಯೋರು ಬಲಗಾಲಾಗ."

ಇದು ನಾನು ಅಲ್ಲೇ ಹುಟ್ಟಿಸಿದ ಮಾತು. ಆ ಹುಡುಗಿ ಭಕ್ತಿಯಿಂದ ಬರೆದುಕೊಂಡಳು. ಆದರೆ ಯಾವ ಕುರಿ ಕಾಯುವವಳು ಎಂದು ಕೇಳಲಿಲ್ಲ. ಅಷ್ಟು ಓದಿದ್ದಾಳೆ, ಅಷ್ಟೂ ತಿಳಿಯುವುದಿಲ್ಲ.

ನಾನೇನೂ ಹೇಳಬೇಕೆಂದಿಲ್ಲ. ತಪ್ಪು ಬರೆದುಕೊಳ್ಳಬಾರದಲ್ಲ ಎಂದು ಅಷ್ಟೇ.

ನವೆಂಬರ್ 22, ಶನಿವಾರ

ಮಹೇಂದರ ನಾರಾಯಣಪೇಟೆಗೆ ಹೋಗಿದ್ದ. ಸೊಸೆ, ಹರಿತಾ, ನಾನು ಪೂರಾ ಸಿನಿಮಾ ನೋಡಿದೆವು. ನಾನು ಇದುವರೆಗೆ ನೋಡಿರಲೇ ಇಲ್ಲ. ಕಥೆ ಬರೆಯುವಂಥದ್ದೇನಿಲ್ಲ. ಹುಲಿ ಸಾಕಿದ ಹೆಣ್ಣು ತನ್ನ ತಾಯಿಯನ್ನು ಕೊಂದ ಜಮೀನ್ದಾರನನ್ನು ಹುಡುಕಿಕೊಂಡು ಬರುತ್ತಾಳೆ. ಹುಲಿ ಬಂದಾಗಲೆಲ್ಲ ಅದರ ಹೊಟ್ಟೆಯ ಕೆಳಗೆ ಚಪ್ಪಲಿ ಕಾಣುತ್ತದೆ. ನಾವು ಮೂವರೂ ನಕ್ಕು ನಕ್ಕು ಸುಸ್ತಾದೆವು.

ಆಮೇಲೆ ನಾನು ಹಾರಿದೆ. ಸೊಸೆ ನಗುವುದನ್ನು ನಿಲ್ಲಿಸಿದಳು.

ಹಾರಿ ನೀರಿಗೆ ಬಿದ್ದ ಕೂಡಲೇ ಬೇರೆ ಯಾವುದೋ ನೀರು, ಬೇರೆ ಯಾವುದೋ ಹೆಣ್ಣು. ಬಟ್ಟೆ ಇಲ್ಲ. ಸ್ನಾನ ಮುಗಿಯುವುದೇ ಇಲ್ಲ. ಮುಖವೇ ತೋರಿಸದೆ ಆ ಸಾಯಿನಾಥ ಎಲ್ಲಿಂದಲೋ ಕತ್ತರಿಸಿ ತಂದು ಅಂಟಿಸಿದ್ದಾನೆ. ಹರಿತಾ ಲ್ಯಾಪ್‌ಟಾಪು ಮುಚ್ಚಿದಳು.

ಹಾರಿದವಳು ನಾನು ಎಂದರೆ, ಸ್ನಾನ ಮಾಡಿದವಳೂ ನಾನೇ ಎಂದಾಗುತ್ತದೆ. ಅದಲ್ಲ ಎಂದು ಊರಿನ ಯಾವ ಕಿವಿಗೆ ಹೇಳಲಿ? ಸುಮ್ಮನಿರುವುದೇ ಸರಿ. ಇದು ಖಾಯಂ.

ನವೆಂಬರ್ 26, ಬುಧವಾರ

ಖಾಯಂ ಅಲ್ಲ.

ಕನಕಜ್ವಾಲಾ ಬಂದಳು. ಅರವತ್ತನಾಲ್ಕು ಎನ್ನುತ್ತಾರೆ. ಕರಿ ಕನ್ನಡಕ, ಮೊಣಕಾಲಿಗೆ ಪಟ್ಟಿ, ಗದ್ವಾಲದ ರೇಷ್ಮೆ ಸೀರೆ. ಹುಟ್ಟಿದ್ದು ಗದ್ವಾಲದಲ್ಲೇ ಅಂತೆ, ನಿಜವಾದ ಹೆಸರು ಬುಗ್ಗಮ್ಮ. ನಮ್ಮ ಹಾಗೆಯೇ ಮಾತಾಡುತ್ತಾಳೆ. ಮಹೇಂದರ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡ. ಪಡಸಾಲೆಯಲ್ಲಿ ಆಕೆಯನ್ನು ಕುರ್ಚಿಯ ಮೇಲೆ ಕೂಡಿಸಿ ಕ್ಯಾಮೆರಾ ಚಾಲೂ ಮಾಡಿದರು.

ಆಕೆ ಶುರು ಮಾಡಿದಳು. ಬಂಡೆಯ ತುದಿಗೆ ಹೋದೆ, ದೇವರನ್ನು ನೆನೆದೆ, ಕೆಳಗೆ ಮೊಸಳೆ ಬಾಯಿ ತೆರೆದಿತ್ತು, ಆದರೂ ಹಾರಿದೆ. ನಾನು ಚಹಾ ತಂದು ಸುಮ್ಮನೆ ಬಾಗಿಲಲ್ಲಿ ನಿಂತೆ. ಹೊಟ್ಟೆಗೆ ಹಾಕಿಕೊಂಡೆ. ದೇವರಾಣೆ ಹೊಟ್ಟೆಗೆ ಹಾಕಿಕೊಂಡೆ.

"ಆ ಬಣ್ಣ ನೋಡ್ರಿ," ಎಂದಳು ಆಕೆ, "ಮೈಗೆ ಹತ್ತಿ ಎಂಟು ದಿನ ಹೋಗ್ಲಿಲ್ಲ. ನಮ್ಮವ್ವ ಹುಳಕಡ್ಡಿ ಅಂತ ಬೇವು ಹಚ್ಚಿದ್ಲು."

ಅದು ನಮ್ಮವ್ವ. ಶೂಟಿಂಗ್ ಮುಗಿಯುವ ವಾರ ನಾನೇ ಇವಳ ಮುಂದೆ ಹೇಳಿಕೊಂಡು ನಕ್ಕಿದ್ದೆ. ಹಾರಿದ್ದನ್ನು ಬೇಕಾದರೆ ತೆಗೆದುಕೊಳ್ಳಲಿ, ನಮ್ಮವ್ವನನ್ನೂ ತೆಗೆದುಕೊಳ್ಳುವುದೇ?

"ಎಂಟು ದಿನ ಅಲ್ಲ," ಎಂದೆ. "ಹದಿನೈದು ದಿನ."

ಎಲ್ಲರೂ ನನ್ನ ಕಡೆ ತಿರುಗಿದರು, ಕ್ಯಾಮೆರಾ ಕೂಡ. ಮಹೇಂದರ "ಯವ್ವಾ, ನಿಂಗ ಹ್ಯಾಂಗ ಗೊತ್ತು?" ಎಂದ.

"ಬೇವು ಹಚ್ಚಿಸಿಕೊಂಡಾಕಿ ನಾನು."

ನವೆಂಬರ್ 27, ಗುರುವಾರ

ಬೆಳಿಗ್ಗೆಯಿಂದ ಮನೆಯಲ್ಲಿ ಕುರುಕ್ಷೇತ್ರ. ಮಹೇಂದರ ಉಣ್ಣಲಿಲ್ಲ. "ನಾಮಿನೇಷನ್ ಹಾಕೋ ವಾರದಾಗ ನಿಂಗ ಇದ ನೆನಪಾತೇನು? ಆ ಶಂಕರಯ್ಯನ ಕೈಯಾಗ ಸಿಕ್ರ ಮುಗೀತು," ಎಂದ. ಶಂಕರಯ್ಯ ಇವನ ಎದುರಿಗೆ ನಿಂತವನು.

ಕನಕಜ್ವಾಲಾ ನನ್ನ ಕಡೆ ನೋಡದೆ, "ಪಾಪ, ವಯಸ್ಸಾಗೈತಿ. ಎಷ್ಟೋ ಊರಾಗ ಎಷ್ಟೋ ಮಂದಿ ಹಿಂಗ ಹೇಳ್ತಾರ," ಎಂದಳು. ನನಗಿಂತ ಆರು ವರ್ಷ ದೊಡ್ಡವಳು.

ಶಿರಿಷಾ ನನ್ನ ಕೈ ಹಿಡಿದು, "ಅಮ್ಮಾ, ನಾನು ನಂಬುತ್ತೇನೆ. ಆದರೆ ಸಾಕ್ಷಿ ಬೇಕು," ಎಂದಳು. ಸಾಕ್ಷಿ ಇದೆ ಎಂದೆ. ಎಲ್ಲರ ಮುಂದೆ ಕುರುಮಮ್ಮನಿಗೆ ಫೋನು ಹಚ್ಚಿಸಿ, ಎಲ್ಲರಿಗೂ ಕೇಳುವಂತೆ ಇಟ್ಟರು.

"ಕುರುಮಮ್ಮಾ, ಮೊಸಳೆಬಂಡಿ ಮ್ಯಾಲಿಂದ ಹಾರಿದ್ದು ಯಾರು, ಹೇಳು."

"ನಂಗೇನೂ ಗೊತ್ತಿಲ್ಲವಾ."

"ನಾನೇ ಹೇಳಾಕ ಹತ್ತೀನಿ, ಹೇಳು."

"ಯಾವ ಬಂಡಿ? ಯಾವ ಹೊಳಿ? ನಾನು ಆ ಕಡೆ ಬಂದೇ ಇಲ್ಲ," ಎಂದು ಫೋನು ಇಟ್ಟಳು. ಇಬ್ಬರು ದೇವರ ಆಣೆ ಮಾಡಿಸಿದ್ದು ನಾನೇ. ಯಾರನ್ನು ಬೈಯಲಿ?

ಕನಕಜ್ವಾಲಾ ಸೀರೆಯ ಸೆರಗು ಸರಿಮಾಡಿಕೊಂಡಳು. ಆ ಸರಿಮಾಡಿಕೊಂಡದ್ದು ನನಗೆ ತಡೆಯಲಾಗಲಿಲ್ಲ.

"ಭಾನುವಾರ ಬಂಡಿ ಮ್ಯಾಲ ಬರ್ರಿ," ಎಂದೆ. "ಇಬ್ಬರೂ ಹಾರೂಣು."

ನವೆಂಬರ್ 30, ಭಾನುವಾರ

ಮೈಯೆಲ್ಲ ನೋಯುತ್ತಿದೆ. ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಹೋದೆವು. ಹೊಳೆಯಲ್ಲಿ ನೀರು ಚೆನ್ನಾಗಿತ್ತು. ಮೀನು ಹಿಡಿಯುವ ಜಂಬಪ್ಪ ಬಂಡೆಯ ಕೆಳಗೆ ಗಳ ಇಳಿಸಿ ಅಳೆದು, ಆಳ ಹಾಗೇ ಇದೆ ಎಂದ, ತನ್ನ ತೆಪ್ಪವನ್ನೂ ಅಲ್ಲೇ ನಿಲ್ಲಿಸಿಕೊಂಡ. ಮಹೇಂದರ ಬರುವುದಿಲ್ಲ ಎಂದವನು ನಮಗಿಂತ ಮೊದಲೇ ಬಂದು ಬೆನ್ನು ತಿರುಗಿಸಿ ನಿಂತಿದ್ದ. ನಾನು ಹಳೇ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟಿದ್ದೆ.

ಬಂಡೆಯ ತುದಿಯಲ್ಲಿ ಕನಕಜ್ವಾಲಾ ನನ್ನ ಮೊಣಕೈ ಹಿಡಿದಳು. ಕ್ಯಾಮೆರಾದವರು ಕೆಳಗಿದ್ದರು, ಅವರಿಗೆ ನಮ್ಮ ಮಾತು ಕೇಳಿಸುತ್ತಿರಲಿಲ್ಲ.

"ನಂಗ ಈಜು ಬರಂಗಿಲ್ಲ, ತಂಗಿ," ಎಂದಳು.

"ಗೊತ್ತೈತಿ."

"ಇಪ್ಪತ್ತೆರಡು ಪಿಚ್ಚರ್ ಮಾಡೀನಿ. ಆ ಪಿಚ್ಚರ್ ನೋಡಿದ ಗಂಡಸ್ರು ನನ್ನ ಕಣ್ಣಾಗ ಕಣ್ಣಿಟ್ಟು ಮಾತಾಡಂಗಿಲ್ಲ. ಇದೊಂದು ಹಾರಿದ್ದು ನೆನಪಿಟ್ಟೋರು ಮಾತ್ರ 'ಏನ್ ಧೈರ್ಯ ಅಮ್ಮಾ' ಅಂತ ಕೈ ಮುಗೀತಾರ. ಅದೂ ನಿಂದ ಅಂದ್ರ ನಂಗೇನು ಉಳೀತು?"

ಮೂರು ದಿನದಿಂದ ಬೈಗುಳ ಜೋಡಿಸಿಟ್ಟುಕೊಂಡಿದ್ದೆ. ಎಲ್ಲ ವ್ಯರ್ಥವಾಯಿತು.

"ಮತ್ತ ಆ ಸ್ನಾನ?" ಎಂದು ಕೇಳಿದೆ.

"ಅದು ನಾನಲ್ಲ. ಗದ್ವಾಲದ ಟಾಕೀಸಿನಾಗ ನಮ್ಮವ್ವನ ಕರಕೊಂಡು ನೋಡಾಕ ಹೋಗಿದ್ದೆ. ಮಗಳು ಹಾರೋದು ನೋಡ್ಲಿ ಅಂತ." ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ನಮ್ಮವ್ವ ಸಾಯೋತನಕ ಅದು ನಾನೇ ಅಂತ ನಂಬಿದ್ಲು. ಅಲ್ಲ ಅಂದ್ರ ಯಾರು ಕೇಳ್ತಾರ?"

ಅಂದರೆ ನಾನು ಹೆದರಿದ್ದು ಅವಳಿಗೆ ಆಗಿಹೋಗಿತ್ತು. ನಲವತ್ತು ವರ್ಷ.

"ನನ್ನ ಕೇಳಿದ್ರು," ಎಂದೆ. "ಎಂಟು ದಿನ ಅಲ್ಲ ಹದಿನೈದು ಅಂದೆ, ಕೇಳಿದ್ರು. ನೀನೂ ಹೇಳು."

ಹಾರಿದೆ. ಬಲಗಾಲೋ ಎಡಗಾಲೋ ನೆನಪಿಲ್ಲ. ಗಾಳಿ ಕಿವಿಯಲ್ಲಿ ತುಂಬಿತು, ನೀರು ಅಂಗಾಲಿಗೆ ಫಟ್ಟನೆ ಹೊಡೆಯಿತು. ತಳಕ್ಕೆ ಹೋಗಿ ಮೇಲೆ ಬರಲು ಹಿಂದಿನಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹಿಡಿಯಿತು, ಒಪ್ಪಿಕೊಳ್ಳುತ್ತೇನೆ. ಮೇಲೆ ಬಂದು, ತೆಪ್ಪ ಹಿಡಿದು ಉಸಿರು ತಿರುಗಿಸಿಕೊಂಡು ದಂಡೆಯ ಕಡೆ ನೋಡಿದರೆ, ಬಂಡೆಯ ಮೇಲೆ ಇರಬೇಕಾದವಳು ದಂಡೆಗೆ ಇಳಿದು, ಮೊಣಕಾಲಿನ ಪಟ್ಟಿಯ ಸಮೇತ ಸೊಂಟದ ನೀರಿನಲ್ಲಿ ನಿಂತು ನನ್ನ ಕಡೆ ಕೈ ಚಾಚಿದ್ದಳು. ಕನ್ನಡಕ ಎಲ್ಲೋ ಬಿದ್ದುಹೋಗಿತ್ತು. ಆಕೆಯ ಪಕ್ಕದಲ್ಲಿ ಎದೆಮಟ್ಟದ ನೀರಿನಲ್ಲಿ ಮಹೇಂದರ ಇದ್ದ. ಅವನಿಗೂ ಈಜು ಬರುವುದಿಲ್ಲ.

ನನ್ನನ್ನು ದಂಡೆಗೆ ಎಳೆದು ಕೂಡಿಸಿದ ಮೇಲೆ ಕನಕಜ್ವಾಲಾ ತಾನಾಗಿಯೇ ಕ್ಯಾಮೆರಾದ ಮುಂದೆ ಹೋಗಿ ನಿಂತಳು. ಸೀರೆಯಿಂದ ನೀರು ಸುರಿಯುತ್ತಿತ್ತು.

"ಹಾರಿದ್ದು ಈಕಿ, ಅಮರಮ್ಮ," ಎಂದಳು. "ಸ್ನಾನ ಮಾಡಿದ್ದು ಈಕಿನೂ ಅಲ್ಲ, ನಾನೂ ಅಲ್ಲ. ಎರಡೂ ಬರಕೋರಿ. ಒಂದೇ ಬರಕೊಂಡು ಹೋಗಬ್ಯಾಡ್ರಿ."

ಶಿರಿಷಾ ಅಳುತ್ತಿದ್ದಳು. ಕ್ಯಾಮೆರಾದವನು ಚಾಲೂ ಮಾಡಿದ್ದಾನೋ ಇಲ್ಲವೋ ಎಂದು ನಾನೇ ಎದ್ದು ಹೋಗಿ ನೋಡಿಬಂದೆ. ಮಾಡಿದ್ದ.

ಡಿಸೆಂಬರ್ 6, ಶನಿವಾರ

ಶಂಕರಯ್ಯನ ಕಡೆಯವರ ಕೈಗೆ ಅದು ಸಿಕ್ಕೇಬಿಟ್ಟಿತು. ಹಾರುವುದು, ಅದರ ಹಿಂದೆಯೇ ಸ್ನಾನ. ಕೆಳಗೆ "ಸರ್ಪಂಚ್ ಆಗಲಿರುವವರ ತಾಯಿ" ಎಂದು ಬರೆದು ಊರಿನ ಎಲ್ಲ ಫೋನಿಗೂ ಕಳಿಸಿದ್ದಾರೆ. ಹರಿತಾ ಒಂದು ಗಂಟೆಯೊಳಗೆ ಕನಕಜ್ವಾಲಾ ಒದ್ದೆ ಸೀರೆಯಲ್ಲಿ ಹೇಳಿದ್ದನ್ನು ಅದೇ ಫೋನುಗಳಿಗೆ ಕಳಿಸಿದಳು.

ನಾನು ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಮಧ್ಯಾಹ್ನ ಓಣಿಯ ಬುಚ್ಚಮ್ಮ ಬಂದು ಬಾಗಿಲು ಬಡಿದಳು. ಅವಳ ಹಿಂದೆ ಹತ್ತು ಹನ್ನೆರಡು ಹೆಂಗಸರು.

"ಅಮರಕ್ಕಾ, ಖರೇನ ನೀನೇನು?"

"ಸ್ನಾನ ಅಲ್ಲ. ಹಾರಿದ್ದಷ್ಟೇ."

"ಸ್ನಾನ ಯಾರು ಕೇಳಿದ್ರು? ಮೊನ್ನಿ ಅಷ್ಟು ಮ್ಯಾಲಿಂದ ಹಾರಾಗ ಸೀರಿ ಹ್ಯಾಂಗ ನಿಂತು, ಅದ ಹೇಳು."

ಕಚ್ಚೆ ಹಾಕುವುದನ್ನು ತೋರಿಸಿಕೊಟ್ಟೆ. ಸಂಜೆಯಾಯಿತು. ಕಟ್ಟೆಯ ಮೇಲಿನ ಮುದುಕರು ಮಾತ್ರ ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದಾರೆ. ಯಾರು ಯಾರು ಆ ಸಿನಿಮಾ ನೋಡಿದ್ದರೆಂದು ಈಗ ಪಟ್ಟಿಯೇ ಸಿಕ್ಕಂತಾಯಿತು.

ಮಹೇಂದರ ನನ್ನ ಜೊತೆ ಮಾತಾಡಿ ಆರು ದಿನವಾಯಿತು.

ಡಿಸೆಂಬರ್ 11, ಗುರುವಾರ

ಮಹೇಂದರ ಬಾಗಿಲಲ್ಲಿ ನಿಂತು ಗೋಡೆಗೆ ಹೇಳುವವನ ಹಾಗೆ ಹೇಳಿದ, "ಪ್ರಚಾರಕ್ಕ ಹೋದಲ್ಲೆಲ್ಲ ನಿಮ್ಮವ್ವನ ಕರಕೊಂಡು ಬಾ ಅಂತಾರ."

"ಕರಕೊಂಡು ಹೋಗು."

"ಬರ್ತೀಯೇನು?"

ಹೋದೆ. ಅವನು ರಸ್ತೆ, ಚರಂಡಿ ಎಂದು ಹೇಳುತ್ತಿದ್ದ. ಹೆಂಗಸರು ನನ್ನನ್ನು ಸುತ್ತಿಕೊಂಡು ಬಂಡೆಯ ಬಗ್ಗೆ ಕೇಳುತ್ತಿದ್ದರು. ನಾನೂ ಚರಂಡಿಯ ಬಗ್ಗೆ ನಾಲ್ಕು ಮಾತು ಸೇರಿಸಿದೆ. ಅವನದಕ್ಕಿಂತ ನನ್ನದು ಚೆನ್ನಾಗಿತ್ತು.

ಡಿಸೆಂಬರ್ 17, ಬುಧವಾರ

ಸೋತ. ಹನ್ನೊಂದೇ ಓಟಿನಿಂದ.

ಸಂಜೆ ಒಬ್ಬನೇ ಬಂದು ಅಂಗಳದಲ್ಲಿ ಕೂತ. ನನ್ನಿಂದಲೇ ಎನ್ನುತ್ತಾನೆ ಎಂದು ಕಾದೆ. ಒಂದು ಗ್ಲಾಸು ನೀರು ಕುಡಿದು, ಗ್ಲಾಸನ್ನು ಕೈಯಲ್ಲಿ ತಿರುಗಿಸುತ್ತ, "ನೀನ ನಿಂತಿದ್ರ ಗೆದ್ದುಬಿಡ್ತಿದ್ದಿ ಅಂತಾರ ಮಂದಿ," ಎಂದ. ಸಿಟ್ಟಿರಲಿಲ್ಲ. ಆಮೇಲೆ ಕೇಳಿದ, "ಯವ್ವಾ, ಹಾರಾಗ ಅಂಜಿಕಿ ಆಗ್ಲಿಲ್ಲೇನು?"

"ಹಾರೋತನಕ ಆಗ್ತೈತಿ. ಹಾರಿದ ಮ್ಯಾಲ ಟೈಮ್ ಎಲ್ಲೈತಿ?"

ತಲೆ ಆಡಿಸಿದ. ಬಿಸಿ ರೊಟ್ಟಿ ಹಾಕಿಕೊಟ್ಟೆ, ನಾಲ್ಕು ತಿಂದ.

ಜನವರಿ 9, ಶುಕ್ರವಾರ

ಇಷ್ಟು ದಿನ ಬರೆಯಲಾಗಲಿಲ್ಲ. ಪುರುಸೊತ್ತಿಲ್ಲ. ವಾರಕ್ಕೊಮ್ಮೆ ಹರಿತಾ ಮತ್ತು ಅವಳ ಇಬ್ಬರು ಗೆಳತಿಯರಿಗೆ ಹೊಳೆಯಲ್ಲಿ ಈಜು ಕಲಿಸುತ್ತಿದ್ದೇನೆ. ಕನಕಜ್ವಾಲಾ ಹೈದರಾಬಾದಿನಿಂದ ಫೋನು ಮಾಡುತ್ತಾಳೆ. ಈಗ ಬುಗ್ಗಮ್ಮ ಎಂದೇ ಕರೆ ಎನ್ನುತ್ತಾಳೆ. ಕುರುಮಮ್ಮ ಬಂದು ಒಂದು ವಾರ ಇದ್ದು ಹೋದಳು. ಊರೆಲ್ಲ ಮಾತಾಡುತ್ತಿದ್ದರೂ ತನಗೇನೂ ಗೊತ್ತಿಲ್ಲ ಎಂದೇ ಹೇಳುತ್ತಾಳೆ, ದೇವರಿಗೆ ಹೆದರುವವಳು.

ಇವತ್ತು ಊಟದ ಹೊತ್ತಿಗೆ ಒಂದು ಫೋನು ಬಂತು. ಮಹೇಂದರ ಎತ್ತಿದ. ಗದ್ವಾಲದ ಕೋಟೆಯಲ್ಲಿ ಏನೋ ಧಾರಾವಾಹಿ ತೆಗೆಯುತ್ತಿದ್ದಾರಂತೆ. ಅದರಲ್ಲಿ ಒಬ್ಬ ಮುದುಕಿ ಮಹಡಿಯಿಂದ ಬೀಳಬೇಕಂತೆ. ಶಿರಿಷಾ ನಂಬರು ಕೊಟ್ಟಳಂತೆ.

"ಇಲ್ರಿ, ನಮ್ಮವ್ವಗ ವಯಸ್ಸಾಗೈತಿ, ಮನಿಯಾಗಿನ ಹೆಣ್ಮಕ್ಕಳು ಅಂಥದ್ದೆಲ್ಲ ಮಾಡಂಗಿಲ್ರಿ," ಎಂದು ಶುರು ಮಾಡಿದವನು ನನ್ನ ಮುಖ ನೋಡಿ ನಿಲ್ಲಿಸಿದ. ಫೋನಿಗೆ ಅಂಗೈ ಅಡ್ಡ ಹಿಡಿದು, "ಏನಂತ ಹೇಳ್ಲಿ?" ಎಂದ.

ನಾನು ಮಜ್ಜಿಗೆ ಬಡಿಸುತ್ತಿದ್ದೆ. ಬಡಿಸುವುದನ್ನು ನಿಲ್ಲಿಸಲಿಲ್ಲ.

"ಎಷ್ಟು ಎತ್ತರ ಐತಿ, ಕೇಳು," ಎಂದೆ.